ಜರೆಯ ಪದಕ

ಯಾರಿಗೆ ಈ ಪದಕ, ಯಾವ ಓಟದಲ್ಲಿ ಗೆದ್ದವರಿಗೆ?
ಕೇಳಿದರು ಸುಬಾನ್ ಸಾಬರು,
ನನ್ನ ಪ್ಲಾಸ್ಟರ್ ಬಿಲ್ಲೆಯನ್ನು ಬಾಗಿಲ ಬೆಳಕಿಗೆ ಓರೆ ಹಿಡಿದು.
ಉಪ್ಪಳ್ಳಿಯ ಶೆಡ್ಡಿನಲ್ಲಿ ಆಗಷ್ಟೇ
ಪಲ್ಪರಿನ ಬುಶ್ಶು ಎರೆದು ಮುಗಿದಿತ್ತು,
ಹೊಗೆ ಇನ್ನೂ ತಗಡಿನ ಸಂದಿ ಹುಡುಕುತ್ತಿತ್ತು.

ನಾನು ಡ್ರಾಯಿಂಗ್ ಟೀಚರು.
ಇಪ್ಪತ್ತೆರಡು ವರ್ಷ, ಕ್ರೀಡಾದಿನದ ಬೆಳಿಗ್ಗೆ,
ಡಜನ್ ಲೆಕ್ಕದ ಪದಕಗಳಿಗೆ ರಿಬ್ಬನ್ ಪೋಣಿಸಿದವಳು.
ಎಲ್ಲದರಲ್ಲೂ ಓಡುತ್ತಿದ್ದವನು ಒಬ್ಬನೇ, ಮುಖವಿಲ್ಲದವನು;
ತಿರುಗಿಸಿದರೆ ಹಿಂದೆ ಬೋಳು.

ಗೆದ್ದವರಿಗಲ್ಲ ಸಾಬರೇ,
ಇವಳು ಜರೆ, ರಕ್ಕಸಿ.
ಮಗಧದ ರಾಜನಿಗೆ ರಾಣಿಯರಿಬ್ಬರು,
ಋಷಿ ಕೊಟ್ಟ ಮಾವು ಒಂದೇ.
ಹೋಳು ಮಾಡಿ ತಿಂದರು, ಹೋಳನ್ನೇ ಹೆತ್ತರು:
ಒಂದು ಕಣ್ಣು, ಒಂದು ಕಿವಿ, ಒಂದು ಕಾಲು, ಅರ್ಧ ಹೊಟ್ಟೆ.
ದಾದಿಯರು ಬಟ್ಟೆಯಲ್ಲಿ ಸುತ್ತಿ
ನಾಲ್ಕು ದಾರಿ ಕೂಡುವಲ್ಲಿ ಎಸೆದು ಬಂದರು.
ಇವಳಿಗೆ ಸಿಕ್ಕಿತು, ರಾತ್ರಿಯೂಟ.
ಎರಡನ್ನೂ ಸೇರಿಸಿ ಹಿಡಿದಳು,
ಮಮತೆಯಿಂದಲ್ಲ,
ಹೊರಲು ಸಲೀಸಾಗಲಿ ಎಂದು.
ಕೂಡಿಕೊಂಡಿತು.
ಅತ್ತಿತು.

ಸಾಬರು ಗಡ್ಡ ಕೆರೆದುಕೊಂಡರು.
"ನಮ್ಮ ಕಸುಬೇ ಬಿಡಿ. ಮರಳಿನ ಅಚ್ಚು ಎರಡು ಹೋಳು,
ಕೂಡಿಸಿದ ಮೇಲೆ ಸುರಿಯೋದು. ಅಳೋದಿಲ್ಲ, ಅಷ್ಟೆ."

ತಾಮ್ರ ಬಂದದ್ದು ಮಲ್ಲಂದೂರಿನ ಕಡೆಯಿಂದ,
ಮೂವತ್ತು ಕೊಯ್ಲಿನ ಹಣ್ಣು ಸುಲಿದು ಸುಲಿದು
ಉಬ್ಬುಗಳೆಲ್ಲ ಸವೆದ ಪಲ್ಪರಿನ ತಗಡು.
ತವರ ಮಾತ್ರ ಪೇಟೆಯದು, ಚೂರು, ಪೇಪರಿನಲ್ಲಿ ಕಟ್ಟಿದ್ದು.
ಒಂಬತ್ತಕ್ಕೆ ಒಂದು.
ತವರ ಸೇರದೆ ತಾಮ್ರ ಕಂಚಾಗದು, ಎಂದರು ಅವರು.
ತವರು ಎಂದು ಕೇಳಿಸಿತು ನನಗೆ.
ಆ ರಕ್ಕಸಿಯ ತವರೆಲ್ಲಿ?
ಯಾರೂ ಹೇಳಿದ್ದು ನಾನು ಕೇಳಿಲ್ಲ.

ಮೊದಲ ಎರಕ ಕೆಟ್ಟಿತು.
ಎರಡು ಕಡೆಯಿಂದ ಹರಿದು ಬಂದ ಕಂಚು
ನಡುವೆ ಎದುರಾಗುವಷ್ಟರಲ್ಲಿ ಬಿಸಿ ಕಳೆದುಕೊಂಡು
ಮುಟ್ಟಿಯೂ ಬೆರೆಯದೆ ನಿಂತಿತ್ತು.
ಮಗುವಿನ ಹಣೆಯಿಂದ ಹೊಕ್ಕುಳವರೆಗೆ ಕೂದಲೆಳೆಯ ಗೆರೆ.
ನನಗೆ ಎದೆ ಝಲ್ಲೆಂದಿತು. ಇದೇ, ಇದೇ ಬೇಕಿತ್ತು, ಇರಲಿ ಎಂದೆ.
"ಇರಬಾರದು ಟೀಚರಮ್ಮ.
ಕೂಡದೇ ಇರೋದನ್ನ ಕೂಡಿದೆ ಅಂತ ಕೊಡೋದಾ?
ಬಿದ್ದರೆ ಎರಡಾಗತ್ತೆ."
ಇಕ್ಕಳದಲ್ಲಿ ಎತ್ತಿ ಮೂಸೆಗೆ ಹಾಕೇಬಿಟ್ಟರು.
ಮೊದಲು ರಕ್ಕಸಿಯ ಮೂಗು ಕರಗಿತು.

ಎರಡನೆಯದರ ಮೈತುಂಬ ಸಿಡುಬಿನಂಥ ತೂತು.
ಮರಳಿನಲ್ಲಿ ನೀರು ಹೆಚ್ಚಾಯಿತೆಂದು
ಹುಡುಗ ಅಫ್ರೋಜನಿಗೆ ಬೈಗುಳ, ಆಮೇಲೆ ಅವನಿಗೇ ಚಹ.
ಮೂರನೆಯದಕ್ಕೆ ಬ್ಲೋವರ್ ಜೋರು ಮಾಡಿದರು,
ಮೂಸೆಯ ಬಾಯಲ್ಲಿ ಬೆಂಕಿ ಹಸಿರಾಯಿತು.
ಸುರಿಯುವಾಗ ಯಾರೂ ಮಾತಾಡಲಿಲ್ಲ.

ಒಡೆದು, ಅರ ಹಾಕಿ, ಹುಣಸೆಹುಳಿಯಲ್ಲಿ ತಿಕ್ಕಿದೆವು.
ಅಂಗೈಯಗಲ.
ಹಿಂದೆ ಕೂಡುದಾರಿ, ಬಿಚ್ಚಿ ಬಿದ್ದ ಬಟ್ಟೆ.
ಮುಂದೆ ಅವಳು, ಬಾಯಿ ತೆರೆದವಳು;
ತಿನ್ನಲಿಕ್ಕೋ, ಜೋಗುಳಕ್ಕೋ,
ಪ್ಲಾಸ್ಟರಿನಲ್ಲೇ ತೀರ್ಮಾನವಾಗದೆ ಬಿಟ್ಟದ್ದು
ಕಂಚಿನಲ್ಲೂ ಹಾಗೇ ಬಂದಿದೆ.
ಮಗುವಿನ ಮೈ ಮಾತ್ರ ನುಣುಪು,
ಹುಟ್ಟುವಾಗಲೇ ಒಂದಾಗಿತ್ತು ಎನ್ನುವ ಹಾಗೆ.
ಗೆರೆ ಹೋಯಿತಲ್ಲ ಸಾಬರೇ, ಎಂದೆ.

ಸಾಬರು ಕಣ್ಣು ಮುಚ್ಚಿಕೊಂಡು
ಅರ್ಧ ಉಗುರಿಲ್ಲದ ಹೆಬ್ಬೆರಳು ಸವರಿದರು
ಹಣೆಯ ಮೇಲೆ, ಎದೆಯ ಮೇಲೆ, ನಿಧಾನ.
ಒಂದು ಕಡೆ ಬೆರಳು ನಿಂತಿತು.
ಏನೂ ಹೇಳದೆ ತಕ್ಕಡಿಗೆ ಹಾಕಿದರು:
ನೂರಾ ಎಂಬತ್ತಾರು ಗ್ರಾಂ,
ಕೂಲಿ ಬೇರೆ.

ಹನುಮಂತಪ್ಪ ಸರ್ಕಲ್ಲಿನಲ್ಲಿ ನಿಂತಿದ್ದೆ,
ಎಲ್ಲ ಕಡೆಯಿಂದ ಹಾರನ್ನು.
ಕರ್ಚೀಫಿನಲ್ಲಿ ಸುತ್ತಿದ್ದು ಕೈಯಲ್ಲೇ ಇತ್ತು, ಬೆಚ್ಚಗೆ,
ಅರದ ಬಿಸಿಯೋ ನನ್ನ ಅಂಗೈಯದೋ.
ಎಲ್ಲಿಗೆ, ಎಂದ ಆಟೋದವನು.
ಎರಡು ಸಲ ಕೇಳಿದ.